ನಸೀಮ ಬರುತ್ತಿದ್ದ ಬೇಸಿಗೆ

ಹೋದ ತಿಂಗಳು ಮಗಳು ಶಾಲೆಯ ಯಾವುದೋ ಪ್ರಾಜೆಕ್ಟಿಗೆಂದು ಹಳೆಯ ಬೋಸಿಯೊಂದರಲ್ಲಿ ಮೇಣದ ಬತ್ತಿಗಳನ್ನು ಕರಗಿಸುತ್ತಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಆ ವಾಸನೆ ಮೂಗಿಗೆ ತಗುಲಿದ್ದೇ ತಡ, ಒದ್ದೆ ಸೀರೆಯನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಒಳಗೆಲ್ಲೋ ಸಣ್ಣಗೆ ಚುರುಗುಟ್ಟಿತು. ಇಷ್ಟು ವರ್ಷಗಳಾದ ಮೇಲೂ ಇದು ಇನ್ನೂ ಹೋಗಿಲ್ಲವಲ್ಲ ಎಂದು ನಗು ಬಂತು. ಕರಗಿದ ಮೇಣವೆಂದರೆ ನನಗೆ ನಸೀಮ. ನಸೀಮ ಎಂದರೆ ಹಾಲ್ಕುರಿಕೆಯ ಆ ಒಂದು ಬೇಸಿಗೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ.

ಆಗ ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ತಿಪಟೂರಿನಲ್ಲಿ ಬಿಎಸ್ಸಿ ಓದುತ್ತಿದ್ದವಳು ಕೊನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಹಾಲ್ಕುರಿಕೆಯ ಸೊಸೆಯಾಗಿದ್ದೆ. ನನ್ನ ಗಂಡ ಲೋಕೇಶ್ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದರು. ಸಂಜೆಯಾದರೆ ಮಠದ ಹಿಂದಿನ ಬಯಲಲ್ಲಿ ವಾಲಿಬಾಲ್ ಆಡುತ್ತಿದ್ದರು. ಸುತ್ತಿನ ಊರುಗಳಲ್ಲಿ ಅವರ ಸರ್ವೀಸಿಗೆ ಹೆಸರಿತ್ತು. ಮಾತು ಕಡಿಮೆ. “ಮುಂದಿನ ವರ್ಷ ಪರೀಕ್ಷೆಗೆ ಕೂತ್ಕೊಳ್ಳೀಯಂತೆ ಬುಡು” ಎಂದು ಒಮ್ಮೆ ಹೇಳಿದ್ದರು. ಆಮೇಲೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಬ್ಬರಿಗೊಬ್ಬರು ಆಡಬೇಕಾದ ಮಾತುಗಳಿಗೆ ಮುಂದೆ ಬೇಕಾದಷ್ಟು ಕಾಲವಿದೆ ಎಂಬ ನೆಮ್ಮದಿಯಲ್ಲಿದ್ದೆವು.

ಕಾರ್ತಿಕದಲ್ಲಿ ಹೊಲದ ರಾಗಿ ಕೊಯ್ಲು ಶುರುವಾಗಿತ್ತು. ಲೋಕೇಶ್ ಹೊಟ್ಟೆ ಕೆಟ್ಟು ಕೆಲವು ದಿನ ಮಲಗಿದ್ದು, ಎದ್ದು ಮತ್ತೆ ಹೊಲಕ್ಕೆ ಹೋಗತೊಡಗಿದರು. ಅದಾದ ವಾರದ ಮೇಲೆ ಒಂದು ಬೆಳಿಗ್ಗೆ, “ಅಂಗಾಲಾಗೆ ಇರುವೆ ಹರಿದಂಗಾಯ್ತದೆ ಕಣೇ” ಅಂದರು. ಸಂಜೆ ಹೊಸ್ತಿಲು ದಾಟುವಾಗ ಎಡವಿದರು. ಮಾರನೆಯ ದಿನ ನೀರಿನ ಚೆಂಬು ಕೈಯಿಂದ ಜಾರಿ ಬಿತ್ತು. ತಿಪಟೂರಿನ ಡಾಕ್ಟರು ರಬ್ಬರಿನ ಸುತ್ತಿಗೆಯಿಂದ ಅವರ ಮಂಡಿಗೆ ತಟ್ಟಿದರು. ಕಾಲು ಅಲುಗಲಿಲ್ಲ. ಇನ್ನೊಂದು ಮಂಡಿಗೆ ತಟ್ಟಿದರು. ಅದೂ ಸುಮ್ಮನಿತ್ತು. ಡಾಕ್ಟರ ಮುಖ ಬದಲಾಯಿತು. “ಈಗಲೇ ಬೆಂಗಳೂರಿಗೆ ಹೊರಡಿ. ಇದು ಮೇಲಕ್ಕೆ ಏರ್ತಾ ಹೋಗಿ ಉಸಿರಿನ ತನಕ ಬರಬಹುದು” ಅಂದರು.

ಉಸಿರಿನ ಹತ್ತಿರದವರೆಗೆ ಬಂದು, ದೇವರು ದೊಡ್ಡವನು, ಅಲ್ಲಿಗೆ ನಿಂತಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯ ಎಳೆಯ ಡಾಕ್ಟರೊಬ್ಬರು ಮಂಚದ ಪಕ್ಕ ನಿಂತು ನನಗೆ ವಿವರಿಸಿದರು. ಮೈಯನ್ನು ಕಾಯಬೇಕಾದ ರಕ್ಷಣಾ ಕೋಶಗಳು ದಾರಿ ತಪ್ಪಿ ಆ ಮೈಯದೇ ನರಗಳ ಮೇಲಿನ ಪೊರೆಯನ್ನು ತಿನ್ನುತ್ತಿವೆ ಎಂದರು. ಆ ಪೊರೆಯ ಹೆಸರು ಪುಸ್ತಕದಲ್ಲಿ ಓದಿದ್ದೆ. “ಮಯಲಿನ್ನಾ?” ಎಂದೆ. ಕಸೂತಿ ಸ್ವೆಟರು ಹಾಕಿಕೊಂಡು ನೆಲದ ಮೇಲೆ ಕೂತಿದ್ದ ಹಳ್ಳಿ ಹೆಂಗಸಿನ ಬಾಯಿಂದ ಆ ಮಾತು ಬಂದದ್ದಕ್ಕೆ ಅವರು ಒಂದು ಕ್ಷಣ ನನ್ನನ್ನು ಸರಿಯಾಗಿ ನೋಡಿದರು. “ಹೌದು. ನರ ಸತ್ತಿಲ್ಲ. ಪೊರೆ ಮತ್ತೆ ಬೆಳೆಯುತ್ತೆ. ಆದರೆ ತಿಂಗಳುಗಳು ಬೇಕು. ಅಲ್ಲೀತನಕ ಕೈಕಾಲು ಮರಗಟ್ಟದ ಹಾಗೆ ದಿನಾ ವ್ಯಾಯಾಮ ಮಾಡಿಸಬೇಕು.”

ಸಂಕ್ರಾಂತಿಯ ಸುಮಾರಿಗೆ ಊರಿಗೆ ಬಂದೆವು. ವಾಲಿಬಾಲ್ ಗೆಳೆಯರು ಲೋಕೇಶರನ್ನು ಕಾರಿನಿಂದ ಎತ್ತಿ ನಡುಮನೆಯ ಮಂಚಕ್ಕೆ ತಂದು ಮಲಗಿಸಿದರು. ಲೋಕೇಶ್ ಕತ್ತು ತಿರುಗಿಸುತ್ತಿದ್ದರು, ಮಾತಾಡುತ್ತಿದ್ದರು, ಭುಜ ಸ್ವಲ್ಪ ಅಲುಗುತ್ತಿತ್ತು. ಉಳಿದ ಮೈ ಹಾಸಿಗೆಯ ಮೇಲೆ ಯಾರೋ ಇಟ್ಟು ಹೋದಂತೆ ಬಿದ್ದಿರುತ್ತಿತ್ತು. ತಿಪಟೂರಿನ ಡಾಕ್ಟರು ವ್ಯಾಯಾಮ ಮಾಡಿಸಲು ಒಬ್ಬರನ್ನು ಕಳಿಸುವುದಾಗಿ ಹೇಳಿದ್ದರು. ಗಂಡಸು ಬರುತ್ತಾನೆ ಎಂದುಕೊಂಡಿದ್ದೆ. ಮನೆಯ ಮುಂದೆ ಮೊಪೆಡ್ ನಿಂತು, ತಲೆಯ ದುಪಟ್ಟಾ ಸರಿಮಾಡಿಕೊಳ್ಳುತ್ತಾ ಒಬ್ಬಳು ಹುಡುಗಿ ಇಳಿದಳು. ನನ್ನನ್ನು ನೋಡಿದ್ದೇ ಅವಳ ಮುಖ ಅರಳಿತು.

“ಸುಧಾ. ನೀನಾ ಕಣೇ. ಇದು ನಿನ್ನ ಮನೇನಾ?”

ಪಿಯುಸಿಯಲ್ಲಿ ಎರಡು ವರ್ಷ ನನ್ನ ಪಕ್ಕ ಕೂತಿದ್ದ ನಸೀಮ. ಅವಳ ಅಬ್ಬಾ ತಿಪಟೂರಿನಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ಜೀವಶಾಸ್ತ್ರದಲ್ಲಿ ನನಗೆ ಅವಳಿಗಿಂತ ಹೆಚ್ಚು ಅಂಕ ಬರುತ್ತಿತ್ತು. ನರಕೋಶದ ಚಿತ್ರವನ್ನು ನಾನು ಬರೆದರೆ ಅವಳು ಅದನ್ನು ನೋಡಿ ಬರೆದುಕೊಳ್ಳುತ್ತಿದ್ದಳು. ಅಂಥವಳು ಈಗ ಎರಡು ವರ್ಷದ ಫಿಸಿಯೋಥೆರಪಿ ಕೋರ್ಸು ಮುಗಿಸಿ, ಬಿಳಿ ಕೋಟು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು, ತನ್ನ ಮೊಪೆಡ್ ತಾನೇ ಓಡಿಸಿಕೊಂಡು ಬಂದಿದ್ದಳು. ನಾನು ಕೈಗೆ ಮೆತ್ತಿದ್ದ ಸಗಣಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, “ಬನ್ನಿ” ಎಂದೆ. ಬಹುವಚನ ಕೇಳಿ ಅವಳು ನಕ್ಕಳು. ನಾನು ನಗಲಿಲ್ಲ.

ಹೊಟ್ಟೆಕಿಚ್ಚು ಶುರುವಾದದ್ದು ಆ ಬಾಗಿಲಲ್ಲೇ. ಆಗ ಅದು ಬರೀ ಅವಳ ಓದಿನ ಮೇಲಿತ್ತು. ಒಳಗೆ ಬಂದ ಮೇಲೆ ಬೆಳೆಯಲು ಅದಕ್ಕೆ ಬೇಕಾದಷ್ಟು ಜಾಗ ಸಿಕ್ಕಿತು.

ನನ್ನ ಅತ್ತೆ ಮಡಿಯ ಹೆಂಗಸು. ಸ್ನಾನ ಮಾಡದೆ ಒಲೆಯ ಹತ್ತಿರ ಸುಳಿದರೆ ನನಗೆ ದಿನವಿಡೀ ಮಾತು ಕೇಳಬೇಕಾಗುತ್ತಿತ್ತು. ನಸೀಮಳ ವಿಷಯದಲ್ಲಿ ಅವರಿಗೆ ಮಡಿಯ ನೆನಪೇ ಬರಲಿಲ್ಲ. “ಬಿಸಿಲಾಗೆ ಬಂದಿದ್ದೀಯ ಮಗ, ಮೊದ್ಲು ಒಂದು ಎಳನೀರು ಕುಡಿ” ಎಂದು ತಾವೇ ಕೆತ್ತಿಕೊಡುತ್ತಿದ್ದರು. ಕೆನೆಮೊಸರನ್ನು ಅವಳಿಗೆಂದು ಮುಚ್ಚಿಡುತ್ತಿದ್ದರು. ನನ್ನ ಗಂಡ ಅವಳು ಬರುವ ಹೊತ್ತಿಗೆ, “ಒಂದೀಟು ಗಡ್ಡ ಕೆರೆಯಾಕೆ ಆಯ್ತದಾ?” ಎಂದು ಕೇಳುತ್ತಿದ್ದರು. ನಾನೇ ಸೋಪು ಹಚ್ಚಿ, ನಾನೇ ಬ್ಲೇಡು ಹಿಡಿದು, ಅವಳಿಗಾಗಿ ನನ್ನ ಗಂಡನ ಮುಖ ನುಣ್ಣಗೆ ಮಾಡಬೇಕಾಗಿತ್ತು.

ಅವಳು ಅವರನ್ನು “ಲೋಕೇಶಣ್ಣ” ಎನ್ನುತ್ತಿದ್ದಳು. ಆ ಅಣ್ಣ ಎಂಬ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳ ಜೊತೆ ಅವರು ನಗುತ್ತಿದ್ದರು. ತುತ್ತು ತಿನ್ನಿಸಿ, ಮೈ ಒರೆಸಿ, ಮಲದ ಪಾತ್ರೆ ತೊಳೆದು ಬರುವ ನನ್ನ ಕಡೆ ತಿರುಗಿದರೆ ಆ ಮುಖ ಗೋಡೆಯಾಗುತ್ತಿತ್ತು.

ಒಂದು ದಿನ ನಸೀಮ ಅಬ್ಬಾನ ಅಂಗಡಿಯಿಂದ ಮೋಟರಿಗೆ ಸುತ್ತುವ ತಾಮ್ರದ ತಂತಿಯ ತುಂಡು ತಂದಿದ್ದಳು. ಅವರ ಕಾಲನ್ನು ಮಡಚಿ ಚಾಚುತ್ತಾ ಅವರಿಗೆ ತೋರಿಸಿದಳು. “ನೋಡಿ ಲೋಕೇಶಣ್ಣ. ನಿಮ್ಮ ಬೆನ್ನುಹುರೀಲಿ ಒಂದು ನರಕೋಶ ಕೂತಿದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಅದಕ್ಕೆ ತಲೆ ಸುತ್ತ ಕೊಂಬೆಗಳಿರ್ತವೆ. ಬೇರೆ ಕೋಶಗಳು ಹೇಳಿದ್ದನ್ನ ಅವು ಕೇಳಿಸ್ಕೊಳ್ತವೆ. ಆಮೇಲೆ ಒಂದೇ ಒಂದು ಬಾಲ. ಆ ಬಾಲ ಸೊಂಟ, ತೊಡೆ, ಮಂಡಿ ದಾಟಿ ಇಲ್ಲೀತನಕ ಬತ್ತದೆ.” ಅವರ ಪಾದವನ್ನು ತಟ್ಟಿದಳು. “ಒಂದೇ ಕೋಶ. ಇಷ್ಟುದ್ದ.”

“ಒಂದೇನಾ?” ಲೋಕೇಶ್ ನಂಬಲಿಲ್ಲ.

“ಒಂದೇ. ಈ ತಂತಿ ಮೇಲೆ ವಾರ್ನಿಷ್ ಇದೆಯಲ್ಲ, ಅಂಗೆ ಬಾಲದ ಮೇಲೆ ಒಂದು ಪೊರೆ. ನಿಮಗೆ ಆ ಪೊರೆ ಸುಲಿದು ಹೋಗಿದೆ. ವಾರ್ನಿಷ್ ಹೋದ ತಂತಿ ಸುತ್ತಿದ್ರೆ ಮೋಟರ್ ತಿರುಗ್ತದಾ? ಕರೆಂಟು ಸೋರಿಹೋಗ್ತದೆ.”

ನಾನು ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ತಡೆದುಕೊಳ್ಳಲಾಗಲಿಲ್ಲ. “ತಂತೀಲಿ ಹೋದಂಗೆ ಹೋಗಲ್ಲ ಅದು” ಎಂದೆ. “ಪೊರೆ ಉದ್ದಕ್ಕೂ ಇರಲ್ಲ. ನಡುನಡುವೆ ಗಿಣ್ಣು ಬಿಟ್ಟಿರ್ತದೆ. ಸುದ್ದಿ ಒಂದು ಗಿಣ್ಣಿಂದ ಇನ್ನೊಂದು ಗಿಣ್ಣಿಗೆ ನೆಗೀತಾ ಹೋಗ್ತದೆ. ಅದಕ್ಕೇ ಅಷ್ಟು ಬೇಗ ಮುಟ್ಟೋದು.”

ಇಬ್ಬರೂ ನನ್ನ ಕಡೆ ತಿರುಗಿದರು. ನಸೀಮ, “ಕೇಳಿ, ನಂಗೆ ಇದನ್ನ ಕಾಲೇಜಲ್ಲಿ ಹೇಳಿಕೊಟ್ಟೋಳೇ ಇವಳು” ಎಂದಳು. ಲೋಕೇಶ್ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. ಈಗ ನನ್ನನ್ನು ಏನಾದರೂ ಕೇಳುತ್ತಾರೆ ಎಂದು ಕಾದೆ. ಅವರು ಮತ್ತೆ ನಸೀಮಳ ಕಡೆ ತಿರುಗಿ, “ಆ ತುದಿಗೆ ಹೋದ ಮೇಲೆ ಸ್ನಾಯುಗೆ ಎಂಗೆ ಅಂಟ್ಕಂಡಿರ್ತದೆ?” ಎಂದು ಕೇಳಿದರು.

“ಅಂಟಿರಲ್ಲ. ಮಧ್ಯ ಒಂದು ಸಣ್ಣ ಸಂದು. ನರದ ತುದಿ ಆ ಸಂದಿಗೆ ಒಂದು ರಾಸಾಯನಿಕ ಬಿಡ್ತದೆ. ಅದು ದಾಟಿ ಆ ಕಡೆ ತಗುಲಿದ್ರೆ ಸ್ನಾಯು ಎಳೀತದೆ.”

“ಮುಟ್ಟಾದೇ ಇಲ್ಲ ಅನ್ನು” ಎಂದು ಅವರು ನಕ್ಕರು. ಅವಳೂ ನಕ್ಕಳು. ನನಗೆ ಅವರೆಕಾಯಿಯ ಬುಟ್ಟಿಯನ್ನು ಎತ್ತಿ ಎಸೆಯಬೇಕೆನ್ನಿಸಿತು.

ಶಿವರಾತ್ರಿ ಕಳೆಯಿತು. ತೊಡೆಗೆ ಬಲ ಬಂತು, ತೋಳು ಮೇಲೆದ್ದಿತು. ಬೆರಳುಗಳು ಬಿರುಸಾಗಿದ್ದವೆಂದು ನಸೀಮ ಮೇಣ ಕರಗಿಸಿ ಅವರ ಕೈಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದಳು. ಪ್ರತಿ ಸಲವೂ ಮೊದಲು ನನ್ನ ಕೈ ಅದ್ದಿಸುತ್ತಿದ್ದಳು. “ಚರ್ಮದಿಂದ ಸುದ್ದಿ ತರೋ ನರಗಳು ಇನ್ನೂ ಪೂರ್ತಿ ಸರಿಹೋಗಿಲ್ಲ. ಸುಟ್ಟರೂ ಇವರಿಗೆ ತಿಳಿಯಲ್ಲ. ನೀನು ತಡೀತೀಯ ಅಂದ್ರೆ ಮಾತ್ರ ಇವರಿಗೆ” ಎನ್ನುತ್ತಿದ್ದಳು. ಬಿಸಿ ಸ್ವಲ್ಪ ಹೆಚ್ಚಿದೆ ಎನ್ನಿಸಿದರೂ ಅವಳ ಮುಂದೆ ನಾನು ಮುಖ ಕಿವುಚುತ್ತಿರಲಿಲ್ಲ. ಆದರೆ ಅವಳು ಮುಖ ನೋಡುತ್ತಿರಲಿಲ್ಲ, ಚರ್ಮ ನೋಡುತ್ತಿದ್ದಳು, ಅದು ಕೆಂಪಾದರೆ ಮೇಣವನ್ನು ತಾನೇ ತಣ್ಣಗಾಗಲು ಬಿಡುತ್ತಿದ್ದಳು. ಅವಳ ಆ ಎಚ್ಚರದ ಮೇಲೂ ನನಗೆ ಹೊಟ್ಟೆಕಿಚ್ಚು.

ಯುಗಾದಿಯ ಹಿಂದುಮುಂದು ಒಂದು ಮಧ್ಯಾಹ್ನ ಬಿಸಿನೀರು ತೆಗೆದುಕೊಂಡು ನಡುಮನೆಗೆ ಬಂದೆ. ಲೋಕೇಶ್ ನಿಂತಿದ್ದರು. ಆ ರೋಗ ಬಂದ ಮೇಲೆ ಮೊದಲ ಸಲ ನನ್ನ ಗಂಡ ನಿಂತಿದ್ದರು. ಅವರ ತೋಳು ನಸೀಮಳ ಭುಜದ ಸುತ್ತ ಇತ್ತು. ಅವರ ಮಂಡಿ ಬಾಗದಂತೆ ಅವಳು ತನ್ನ ಮಂಡಿಯನ್ನು ಒತ್ತಿ ಹಿಡಿದಿದ್ದಳು. ಇಬ್ಬರ ಹಣೆಯಲ್ಲೂ ಬೆವರು. ಅತ್ತೆ ಕೈಮುಗಿದುಕೊಂಡು ಅಳುತ್ತಿದ್ದರು. ನಾನೂ ಅಳಬೇಕಿತ್ತು. ನನ್ನ ಕಣ್ಣು ಆ ತೋಳಿನ ಮೇಲೇ ಇತ್ತು. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಅವರು ಒಮ್ಮೆಯೂ ನನ್ನ ಭುಜ ಮುಟ್ಟಿದ್ದಿಲ್ಲ.

ಆಮೇಲೆ ಅವಳು ಬರುವ ಹೊತ್ತಿಗೆ ನಾನು ಅಟ್ಟ ಹತ್ತತೊಡಗಿದೆ. ಅಲ್ಲಿ ಕೊಬ್ಬರಿಗೆಂದು ಹರವಿದ ಕಾಯಿಗಳಿದ್ದವು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿ ಕಡಕಡ ಅನ್ನುವುದನ್ನು ಬೇರೆ ಮಾಡುತ್ತಿದ್ದೆ. ಹಲಗೆಯ ಸಂದಿನಲ್ಲಿ ಕೆಳಗಿನ ಮಾತೆಲ್ಲ ಕೇಳುತ್ತಿತ್ತು. ಮೇಲಕ್ಕೆ ಎಳೀರಿ, ಇನ್ನೂ, ಶಾಭಾಷ್. ನಡುವೆ ನಗು. ಆ ಸೆಕೆಯಲ್ಲಿ, ಸಿಪ್ಪೆಯ ಧೂಳಿನಲ್ಲಿ, ನಾನು ಅದೇ ಒಂದು ಕಾಯಿಯನ್ನು ಎಷ್ಟೋ ಹೊತ್ತು ಅಲ್ಲಾಡಿಸುತ್ತಾ ಕೂತಿರುತ್ತಿದ್ದೆ.

ಒಂದು ದಿನ ಇಳಿದು ಬಂದು, ಮೊಪೆಡ್ ಏರುತ್ತಿದ್ದ ಅವಳನ್ನು ತಡೆದೆ.

“ನಾಳೆಯಿಂದ ಬರಬೇಡ ಕಣೇ. ನಾನೇ ಮಾಡಿಸ್ತೀನಿ.”

ನಸೀಮ ಸ್ಟ್ಯಾಂಡ್ ಹಾಕಿದಳು. “ನಾನೇನಾದ್ರೂ ತಪ್ಪು ಮಾಡಿದ್ನಾ?”

“ಇಲ್ಲ.”

“ಮತ್ತೆ?”

“ನಂಗೆ ನೋಡಾಕಾಗಲ್ಲ.”

ಅವಳಿಗೆ ಅರ್ಥವಾಯಿತು. ಕೋಪ ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಮನೆಯ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು: “ಸುಧಾ, ಪಾದ ಇನ್ನೂ ಏಳ್ತಿಲ್ಲ. ಅದೇ ಕೊನೇದು. ಎಲ್ಲಕ್ಕಿಂತ ಉದ್ದದ ನರ ಅದು, ಅದರ ರಿಪೇರಿ ಮುಗಿಯೋಕೆ ಹೊತ್ತು ಹಿಡೀತದೆ. ಅಲ್ಲೀತನಕ ದಿನಾ ಹಿಡಿದು ಮೇಲಕ್ಕೆ ಎಳೀದಿದ್ರೆ ಹಿಮ್ಮಡಿ ಮೇಲಿನ ಸ್ನಾಯು ಬಿಗಿದು ಪಾದ ಜೋತು ಬಿದ್ದೇ ಉಳೀತದೆ. ಅಂಥೋರು ಜನ್ಮಪೂರ್ತಿ ಕಾಲೆಳೀತಾರೆ. ನಾನು ನೋಡಿದೀನಿ. ನೀನು ಅರ್ಧಕ್ಕೆ ಬಿಡಲ್ಲ ಅಂತ ಹೇಳು, ನಾನು ಹೋಗ್ತೀನಿ.”

“ಬಿಡಲ್ಲ.”

“ಹಂಗಾದ್ರೆ ಇನ್ನೊಂದು ವಾರ ಬತ್ತೀನಿ. ಅವರಿಗಲ್ಲ, ನಿನಗೆ.”

ಆ ವಾರ ಅವಳು ನನ್ನನ್ನೇ ಚಾಪೆಯ ಮೇಲೆ ಮಲಗಿಸಿ ಕಲಿಸಿದಳು. ಮಂಡಿಯ ಕೆಳಗೆ ಹೊರಬದಿಯ ಗಂಟುಮೂಳೆಯ ಹಿಂದೆ ಬೆರಳಿಟ್ಟು ಒತ್ತಿದಳು. ಪಾದದ ಮೇಲ್ಭಾಗದವರೆಗೆ ಜುಮ್ಮೆಂದಿತು. “ಇದೇ ಕಣೇ ಪಾದ ಎತ್ತೋ ನರ. ಚರ್ಮದ ಕೆಳಗೇ ಹಾಯ್ತದೆ. ಇಲ್ಲಿ ದಿಂಬಿನ ಅಂಚು ಒತ್ತದಂಗೆ ನೋಡ್ಕೋ.” ನಾನು ಪೆನ್ಸಿಲ್ಲಿನಲ್ಲಿ ಬಣ್ಣ ತುಂಬಿ ಅಂಕ ತೆಗೆದುಕೊಂಡದ್ದನ್ನು ಅವಳು ಬೆರಳ ತುದಿಯಲ್ಲಿ ಬಲ್ಲವಳಾಗಿದ್ದಳು. ಕಲಿಯುತ್ತಾ ಕಲಿಯುತ್ತಾ ನನ್ನ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಇನ್ನಷ್ಟು ಸ್ಪಷ್ಟವಾಯಿತು. ವಾರ ಮುಗಿದ ಮೇಲೆ ಅವಳು ಮೇಣದ ಪಾತ್ರೆಯನ್ನು ನಮ್ಮಲ್ಲೇ ಬಿಟ್ಟು ಹೋದಳು. ನಾನು ಬೇಡವೆಂದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ತಿಪಟೂರಿನಲ್ಲಿ ಕೆಲಸ ಹೆಚ್ಚಾಗಿದೆ ಎಂದಷ್ಟೇ ಹೇಳಿ ಹೋದಳು.

ಮನೆ ಮಂಕಾಯಿತು. ಗಡ್ಡ ಕೆರೆಯಲು ಯಾರೂ ಕೇಳಲಿಲ್ಲ. ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಾಲು ಹಿಡಿದು ಕೂರುತ್ತಿದ್ದೆ; ಅವರು ಜಂತೆ ನೋಡುತ್ತಾ ಮಲಗಿರುತ್ತಿದ್ದರು. ಅತ್ತೆ, “ಓದಿದ್ದು ಬರ್ದಿದ್ದು ಎಲ್ಲ ಸರಿ ಕಣವ್ವ, ಆ ಮಗೀನ ಕೈಗುಣ ನಿಂಗೆಲ್ಲಿಂದ ಬತ್ತದೆ” ಎಂದರು. ತೊಡೆ, ಮಂಡಿ, ಕೈ ಎಲ್ಲಕ್ಕೂ ಬಲ ಕೂಡುತ್ತಿತ್ತು. ಪಾದಗಳು ಮಾತ್ರ ಬಾಡಿದ ಎಲೆಯಂತೆ ಕೆಳಗೆ ಜೋತಿರುತ್ತಿದ್ದವು. ಅವು ಏಳದೇ ಹೋದರೆ? ಅವಳು ಬಂದಿದ್ದರೆ ಏಳುತ್ತಿದ್ದವು ಎಂಬ ಮಾತಿನೊಂದಿಗೆ ನಾನು ಈ ಮನೆಯಲ್ಲಿ ಬಾಳಬೇಕಾಗುತ್ತದೆ. ಅದನ್ನು ನೆನೆದು ಇನ್ನೊಂದು ಸಲ ಕಾಲು ಹಿಡಿದು ಕೂರುತ್ತಿದ್ದೆ.

ಮೊದಲ ಮುಂಗಾರಿನ ಹನಿ ಬಿದ್ದ ಮಾರನೆಯ ದಿನ. ಎಡಪಾದ ನನ್ನ ಕೈಯಲ್ಲಿತ್ತು.

“ಮೇಲಕ್ಕೆ ಎಳೀರಿ.”

“ಆಗಲ್ಲ.”

“ಎಳ್ದು ನೋಡ್ರೀ.”

“ನಸೀಮಮ್ಮ ಬಂದ್ರೆ ಮಾಡ್ತೀನಿ, ಬುಡು.”

“ಅವಳು ಬರಲ್ಲ. ನಾನೇ ಬ್ಯಾಡ ಅಂದೆ.”

ಅವರು ಕತ್ತೆತ್ತಿದರು. “ಯಾಕೆ?”

“ಅವಳ ಹತ್ರ ನಗ್ತೀರಿ. ನನ್ನ ಹತ್ರ ನಗಲ್ಲ.”

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಹೇಳಿದರು. “ನಿನ್ನ ಹತ್ರ ಎಂಗೆ ನಗ್ಲಿ? ನನ್ನ ಹೇಲು ಬಾಚೋಳು ನೀನು. ವರ್ಷ ತುಂಬಿರಲಿಲ್ಲ ನಿನ್ನ ತಂದು. ನಿನ್ನ ಮುಖ ಕಂಡ್ರೆ ನಂಗೆ ಭೂಮಿಗೆ ಇಳ್ದೋಗಂಗಾಯ್ತದೆ. ಅವಳು ಒಂದು ಗಳಿಗೆ ಬತ್ತಾಳೆ, ಹೋಯ್ತಾಳೆ. ಅವಳ ಮುಂದೆ ನಾನೊಬ್ಬ ರೋಗಿ ಅಷ್ಟೆ. ನಿನ್ನ ಮುಂದೆ ನಾನೇನು? ಬುಡು ನನ್ನ ಕಾಲ್ನ.”

ಎಂದು ಸಿಟ್ಟಿನಿಂದ ಕಾಲು ಎಳೆದುಕೊಂಡರು. ನನ್ನ ಅಂಗೈಯಿಂದ ಪಾದ ಮೇಲಕ್ಕೆ ಬಾಗಿತು. ಹೆಬ್ಬೆರಳು ಸೆಟೆಯಿತು. ಪಾದದ ಮೇಲೆ ಚರ್ಮದಡಿಯಲ್ಲಿ ಒಂದು ಎಳೆ ಬಿಗಿದ ಹುರಿಯಂತೆ ಎದ್ದು ನಿಂತು ಮತ್ತೆ ಇಳಿಯಿತು.

“ಇನ್ನೊಂದ್ಸಲ” ಎಂದೆ.

“ಏನು?”

“ಕಾಲು ಎಳ್ಕೊಂಡ್ರಲ್ಲ, ಇನ್ನೊಂದ್ಸಲ ಎಳ್ಕಳಿ. ಇನ್ನೊಂದೀಟು ಸಿಟ್ಟು ಮಾಡ್ಕಳಿ.”

ಅವರಿಗೆ ತಿಳಿಯಲಿಲ್ಲ. ತಲೆಯ ಕೆಳಗೆ ದಿಂಬು ಕೊಟ್ಟು ಪಾದ ತೋರಿಸಿದೆ. ಕಣ್ಣು ನೆಟ್ಟು ಎಳೆದರು; ಏನೂ ಆಗಲಿಲ್ಲ. ಮತ್ತೆ ಎಳೆದರು. ಹೆಬ್ಬೆರಳು ಎದ್ದಿತು. ಅದನ್ನೇ ನೋಡುತ್ತಾ ಮಲಗಿದ್ದವರು ಆಮೇಲೆ ತೋಳಿನಿಂದ ಮುಖ ಮುಚ್ಚಿಕೊಂಡರು. ನಾನು ಆ ತೋಳು ತೆಗೆದೆ. ಅಳುತ್ತಿದ್ದರು, ಆದರೆ ಮುಖ ತಿರುಗಿಸಲಿಲ್ಲ.

ಶ್ರಾವಣದ ಹೊತ್ತಿಗೆ ಅವರು ಕೋಲೂರಿ ತೋಟದವರೆಗೆ ನಡೆದರು. ವಾಲಿಬಾಲಿನ ಆ ಸರ್ವೀಸು ಮಾತ್ರ ಮರಳಲಿಲ್ಲ. ರೆಫರಿಯಾಗಿ ಸೀಟಿ ಹಿಡಿದರು. ಮುಂದಿನ ವರ್ಷ ನಾನು ಪರೀಕ್ಷೆಗೆ ಕೂತೆ. ಇದೆಲ್ಲ ಆಮೇಲಿನ ಮಾತು. ಆ ದಿನ ಅತ್ತೆಯನ್ನು ಮಂಚದ ಹತ್ತಿರ ಕೂರಿಸಿ, ನಾನು ಚಪ್ಪಲಿ ಸಿಕ್ಕಿಸಿಕೊಂಡು ಓಡಿದ್ದು ಬಸ್‌ಸ್ಟಾಂಡಿನ ಎಸ್‌ಟಿಡಿ ಬೂತಿಗೆ. ಯಾಕೆ ನಸೀಮಳಿಗೇ ಮೊದಲು ಹೇಳಬೇಕೆನ್ನಿಸಿತೋ ತಿಳಿಯದು. ಇಡೀ ತಾಲ್ಲೂಕಿನಲ್ಲಿ ಆ ಸುದ್ದಿಯ ಬೆಲೆ ಗೊತ್ತಿದ್ದವಳು ಅವಳೊಬ್ಬಳೇ.

“ಯಾವ ಕಾಲು?” ನಸೀಮ ಕೇಳಿದಳು.

“ಎಡಗಾಲು. ಹೆಬ್ಬೆರಳು, ಪಾದ ಎರಡೂ. ಮೇಲಿನ ಎಳೆ ಎದ್ದು ಕಾಣಿಸ್ತು.”

ಆ ಕಡೆ ಅಂಗಡಿಯಲ್ಲಿ ಯಾವುದೋ ಮೋಟರು ತಿರುಗುವ ಸದ್ದು ಕೇಳುತ್ತಿತ್ತು.

“ನೀನು ಹಿಡ್ಕೊಂಡಿದ್ದಾಗ್ಲೇನಾ?”

“ಹೂಂ.”

“ದಿನಾ ಕೇಳ್ದೆ ಕಣೇ ಅವರ್ನ. ಬಂದ ದಿನದಿಂದ ಕೇಳ್ದೆ. ನಂಗೆ ಒಂದ್ಸಲಾನೂ ಎತ್ತಿ ತೋರಿಸ್ಲಿಲ್ಲ.”

ಆ ಪಾದ ಯಾರ ಕೈಗೂ ಎದ್ದದ್ದಲ್ಲ. ಪೊರೆ ಬೆಳೆದು ಸುದ್ದಿ ತುದಿ ಮುಟ್ಟಿದ ಹೊತ್ತಿಗೆ ಅಲ್ಲಿ ನನ್ನ ಕೈ ಇತ್ತು, ಅಷ್ಟೆ. ಅದು ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

“ಸಂತೋಷ ಕಣೇ” ಎಂದಳು ನಸೀಮ. “ನಿಜವಾಗ್ಲೂ ಸಂತೋಷಾನೇ. ಆದ್ರೆ ಹೊಟ್ಟೆ ಉರೀತದೆ.”

ಅವಳ ದನಿಯಲ್ಲಿ ನಗು ಇರಲಿಲ್ಲ. ರಿಸೀವರ್ ಇಟ್ಟು ಮನೆಯ ಕಡೆ ನಡೆದೆ. ನೆಲ ಇನ್ನೂ ಹಸಿಯಾಗಿತ್ತು. ಅವಳ ಆ ಕೊನೆಯ ಮಾತನ್ನು ಅತ್ತೆಗಾಗಲಿ ಲೋಕೇಶರಿಗಾಗಲಿ ನಾನು ಹೇಳಲಿಲ್ಲ; ಅದು ನನ್ನೊಬ್ಬಳಿಗೆ ಸಿಕ್ಕಿದ್ದಾಗಿತ್ತು.